ಪ್ರೇತವರ ಸುಧಾಕರ

ಸಿದ್ಧಕಟ್ಟೆ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಸುಧಾಕರ ಸತ್ತ ಸುದ್ದಿ ನಮಗೆಲ್ಲ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ. ಆಗ ಅವನು ಹನೀಫಾರ ಬೇಕರಿಯಲ್ಲಿ ಕೂತು ಬನ್ಸ್ ತಿನ್ನುತ್ತಿದ್ದ. ಸುದ್ದಿಯನ್ನು ನಂಬಬೇಕೋ ಬನ್ಸನ್ನು ನಂಬಬೇಕೋ ತಿಳಿಯದೆ ಊರು ಸ್ವಲ್ಪ ಹೊತ್ತು ಗೊಂದಲದಲ್ಲಿತ್ತು. ಸುದ್ದಿಯನ್ನು ಹೊರಡಿಸಿದವನೂ ಸುಧಾಕರನೇ ಎಂಬುದು ಆಮೇಲೆ ಗೊತ್ತಾಯಿತು.

ಇದಕ್ಕೆಲ್ಲ ಮೂಲ ಅವನಿಗಿದ್ದ ಒಂದು ಸಣ್ಣ ಜಂಭ. ಕಂಪ್ಯೂಟರ್ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಆದರೆ ಅವರೆಲ್ಲ ತಮ್ಮ ಮುಂದಿರುವ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು. ಸುಧಾಕರ ಜರ್ಮನಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವವನು. ಹನೀಫಾರ ಅಕ್ಕನ ಮಗ, ಚಾರ್ಮಾಡಿಯ ಇಹ್ಸಾನ್, ಗಲ್ಫಿನ ಸಮುದ್ರದ ನಡುವೆ ಎಣ್ಣೆ ಬಾವಿಯಲ್ಲಿ ಇಂಜಿನಿಯರ್. ಮಾವನ ಮಾತಿಗೆ ಕಟ್ಟುಬಿದ್ದು ಸುಧಾಕರನ ಸಮಾಜದ ಸಂಘಕ್ಕೆ ವಧೂವರರ ವೆಬ್‌ಸೈಟ್ ಒಂದನ್ನು ಪುಕ್ಕಟೆ ಮಾಡಿಕೊಟ್ಟಿದ್ದ. ಅದು ಇರುವ ಸರ್ವರ್ ಎಂಬ ಯಂತ್ರ ಜರ್ಮನಿಯಲ್ಲಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಸುಧಾಕರನಿಗೆ ಬಂತು. ಪಾಠವೆಲ್ಲ ವಾಟ್ಸಾಪಿನಲ್ಲಿ.

"ಎಸ್ಸೆಸ್ಸೆಚ್ ಅಂತ ಒಂದು ದಾರಿ ಉಂಟು ಸುಧಾಕರಣ್ಣ," ಎಂದಿದ್ದ ಇಹ್ಸಾನ್. "ಬೀಗ ಇರುವ ಸುರಂಗ ಅಂತ ತಿಳ್ಕೊಳ್ಳಿ. ಅದರಲ್ಲಿ ಹೋದರೆ ಅಲ್ಲಿನ ಫೈಲು ನಿಮ್ಮ ಲ್ಯಾಪ್‌ಟಾಪಿನ ಎಡಿಟರಿನಲ್ಲಿಯೇ ತೆರೀತದೆ. ನಿಮ್ಮ ಸ್ವಂತ ಫೈಲಿನ ಹಾಗೆಯೇ ಕಾಣ್ತದೆ, ಅದೇ ಅಪಾಯ. ಮೊದಲು ನಿಮ್ಮ ಹತ್ರ ಇರುವ ಕಾಪಿಯಲ್ಲಿ ಬರೆದು ನೋಡಿ, ಮತ್ತೆ ಮೇಲೆ ಹಾಕಿ. ನೀವು ಯಾವ ಕಂಪ್ಯೂಟರಿನಲ್ಲಿ ಇದ್ದೀರಿ ಅಂತ ಪರದೆಯ ಕೆಳಗೆ ಎಡಮೂಲೆಯಲ್ಲಿ ಒಂದು ಹಸಿರು ಪಟ್ಟಿ ಹೇಳ್ತದೆ. ಅದನ್ನು ನೋಡದೆ ಸೇವ್ ಒತ್ತಬೇಡಿ."

ಬುದ್ಧಿಮಾತೇ. ಆದರೆ ಸುಧಾಕರನ ಲ್ಯಾಪ್‌ಟಾಪಿನ ಪರದೆ ಅದೇ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು, ಬಿರುಕಿನ ಮೇಲೆ ಅವನ ಅಕ್ಕ ಸ್ವರ್ಣಲತಾ ಒಂದು ಗಣಪತಿ ಸ್ಟಿಕ್ಕರ್ ಅಂಟಿಸಿದ್ದಳು. ದೇವರನ್ನು ಕೀಳುವ ಧೈರ್ಯ ಅವನಿಗಿರಲಿಲ್ಲ. ವಿಘ್ನ ನಿವಾರಿಸಬೇಕಾದವನ ಹೊಟ್ಟೆಯ ಹಿಂದೆ ವಿಘ್ನದ ಸೂಚನೆ ಅಡಗಿ ಕೂತಿತ್ತು.

ಬೇಕರಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಅವನು ದಿನಕ್ಕೊಮ್ಮೆ ಪ್ರದರ್ಶನ ಕೊಡುತ್ತಿದ್ದ.

"ಹನೀಫಾಕ, ನಾನು ಈಗ ಎಲ್ಲಿದ್ದೇನೆ ಹೇಳಿ?"

"ನನ್ನ ಬೆಂಚಿನ ಮೇಲೆ."

"ಅಲ್ಲ. ಜರ್ಮನಿಯಲ್ಲಿ. ಇಲ್ಲಿ ಬೆರಳು ಒತ್ತಿದರೆ ಅಲ್ಲಿ ಅಕ್ಷರ ಬೀಳ್ತದೆ."

"ಹಾಗಾದರೆ ಚಹಾ ಅಲ್ಲಿಯೇ ಕುಡಿ ಮಾರಾಯ," ಎಂದು ಹನೀಫಾ ಲೋಟ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ವಧೂವರರ ಪಟ್ಟಿಯಲ್ಲಿ ಮೊದಲ ಹೆಸರು ಸುಧಾಕರನದೇ. ವಯಸ್ಸು ನಲವತ್ತು ದಾಟಿತ್ತು. ತನ್ನ ಎತ್ತರ, ಬಣ್ಣ, ಗುಣ ಎಲ್ಲವನ್ನೂ ಅವನು ಹಲವು ಸಲ ತಿದ್ದಿ ಸುಧಾರಿಸಿದ್ದ. ಅವನ ಕೈಯಿಂದಲೇ ಎಷ್ಟೋ ಜೋಡಿಗಳು ಕೂಡಿ ಹೋದವು, ಅವನಿಗೆ ಮಾತ್ರ ಒಂದು ಫೋನೂ ಬರಲಿಲ್ಲ. ಅಕ್ಕ ಬಾವನ ಮನೆಯ ಹೊರಕೋಣೆಯಲ್ಲಿ ಮಲಗಿ, ಅಕ್ಕನ ಕೈಯ ಗಂಜಿ ಮತ್ತು ಬೈಗಳ ಎರಡನ್ನೂ ಹೊತ್ತು ಹೊತ್ತಿಗೆ ಉಂಡುಕೊಂಡು ಅವನು ಕಾಲ ಹಾಕುತ್ತಿದ್ದ.

ಹೀಗಿರುವಾಗ ಸಂಘದವರು ಸತ್ತವರಿಗೂ ಒಂದು ಪುಟ ಬೇಕೆಂದರು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಮದುವೆಯಾಗದೆ ಸತ್ತವರಿಗೂ ಮದುವೆಯ ವಯಸ್ಸು ಬರುತ್ತದೆ. ಮಗುವಾಗಿ ತೀರಿಕೊಂಡದ್ದು ಆ ಲೋಕದಲ್ಲಿ ಬೆಳೆಯುತ್ತದೆ. ಮನೆಯಲ್ಲಿ ಬದುಕಿರುವವರ ಮದುವೆ ಮತ್ತೆ ಮತ್ತೆ ತಪ್ಪಿಹೋದರೆ ಜೋಯಿಸರು ಕವಡೆ ಹಾಕಿ, ಒಳಗೊಂದು ಹೆಣ್ಣು ಕಾಯುತ್ತಾ ಇದೆ, ಮೊದಲು ಅದಕ್ಕೆ ಗಂಡು ನೋಡಿ ಎನ್ನುತ್ತಾರೆ. ಗಂಡೂ ಸತ್ತವನೇ ಆಗಬೇಕು. ಅದೇ ಸಮಾಜ, ಬೇರೆ ಬರಿ, ಅಂದರೆ ಬೇರೆ ವಂಶ, ಒಪ್ಪುವ ವಯಸ್ಸು. ಆಟಿ, ಅಂದರೆ ಆಷಾಢದ ಮಳೆಯ ತಿಂಗಳಲ್ಲಿ ಧಾರೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗುವವರು ಮಗು ಕಳೆದುಕೊಂಡ ಮನೆಯೊಳಗೆ ಕಾಲಿಟ್ಟವರಲ್ಲ.

ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಅದರ ಫೋಟೋ ತೆಗೆದು ಲೋಕವೆಲ್ಲ ಹಂಚಿ ಗೇಲಿ ಮಾಡುತ್ತಾರೆ. ಆದ್ದರಿಂದ ಮೂಡಬಿದಿರೆಯಲ್ಲಿರುವ ಸಂಘದ ಕಾರ್ಯದರ್ಶಿ ಶೋಧನ್ ಅವರು, ಸದಸ್ಯರಿಗೆ ಮಾತ್ರ ಕಾಣುವ ಪುಟವೊಂದು ಆಗಲಿ, ಹೆಸರು ಸೇರಿದ ಕೂಡಲೇ ಎಲ್ಲ ಮನೆಗಳಿಗೂ ಸಂದೇಶ ಹೋಗಲಿ ಎಂದು ಅಪ್ಪಣೆ ಕೊಟ್ಟರು. ಸುಧಾಕರ ಪುಟ ಮಾಡಿದ. ಹತ್ತಾರು ಮನೆಯವರು ಹೆಸರು ಕೊಟ್ಟರು, ಎಲ್ಲವೂ ಹೆಣ್ಣುಗಳು. ಗಂಡುಗಳ ಅಂಕಣ ಖಾಲಿ ಉಳಿಯಿತು. ಆ ಅಂಕಣ ಸರಿಯಾಗಿ ಮೂಡುತ್ತದೋ ಇಲ್ಲವೋ ನೋಡಲು ಪರೀಕ್ಷೆಗೆ ಒಂದು ಹೆಸರು ಬೇಕಾಯಿತು.

ಯಾರ ಹೆಸರು ಬರೆಯುವುದು? ಬದುಕಿರುವವರ ಹೆಸರನ್ನು ಸತ್ತವರ ಸಾಲಿನಲ್ಲಿ ಬರೆದರೆ ಅದು ಶಾಪ. ಹನೀಫಾ ಎಂದು ಬರೆಯೋಣವೆಂದರೆ ಚಹಾ ಕೊಟ್ಟ ಕೈ. ಸುಮ್ಮನೆ ಒಂದು ಹೆಸರು ಹುಟ್ಟಿಸೋಣವೆಂದರೆ ಆ ಹೆಸರಿನವನೊಬ್ಬ ಎಲ್ಲಾದರೂ ಇದ್ದೇ ಇರುತ್ತಾನೆ. ಸುಧಾಕರ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಂದ ಆಗುವ ಅನಾಹುತ ಕೆಟ್ಟವರಿಂದ ಆಗುವುದಿಲ್ಲ. ಅವನು ತನ್ನ ಹೆಸರನ್ನೇ ಬರೆದ. ಬರಿ, ನಕ್ಷತ್ರ, ಹುಟ್ಟಿದ ವರ್ಷ ಎಲ್ಲವನ್ನೂ ಸತ್ಯವಾಗಿಯೇ ತುಂಬಿದ. ಮರಣಕಾರಣ ಎಂಬಲ್ಲಿ ಮಾತ್ರ, ಚಿಕ್ಕಂದಿನಲ್ಲಿ ಫಲ್ಗುಣಿ ಹೊಳೆಯಲ್ಲಿ ಮುಳುಗಿ ಎದ್ದುಬಂದದ್ದು ನೆನಪಾಗಿ, 'ಹೊಳೆಗೆ ಬಿದ್ದು' ಎಂದು ಬರೆದ. ತನ್ನ ಲ್ಯಾಪ್‌ಟಾಪಿನ ಕಾಪಿಯಲ್ಲಿ ಬರೆಯುತ್ತಿದ್ದೇನೆಂದು ಅವನ ನಂಬಿಕೆ. ಗಣಪತಿಯ ಹಿಂದಿನ ಹಸಿರು ಪಟ್ಟಿ ಮಾತ್ರ ಜರ್ಮನಿ ಎನ್ನುತ್ತಿತ್ತು. ಸುಧಾಕರ ಸೇವ್ ಒತ್ತಿದ. ಮಾತಿಗೊಮ್ಮೆ ಕೆಮ್ಮುವವರಂತೆ ಅವನು ಸಾಲಿಗೊಮ್ಮೆ ಸೇವ್ ಒತ್ತುವವನು.

ಮರುದಿನ ಬನ್ಸ್ ಅರ್ಧ ಮುಗಿದಾಗ ಫೋನ್ ಬಂತು. ಒಬ್ಬ ಹೆಂಗಸು.

"ಸುಧಾಕರನ ಮನೆಯವರಾ? ಹುಡುಗನ ವಿಷಯ ನೋಡಿದೆವು. ನಮಗೆ ಒಪ್ಪಿಗೆ ಉಂಟು."

ಇಷ್ಟು ವರ್ಷಗಳಲ್ಲಿ ಈ ಮಾತನ್ನು ಅವನು ಮೊದಲ ಸಲ ಕೇಳುತ್ತಿದ್ದ. ಬನ್ಸನ್ನು ತಟ್ಟೆಗಿಟ್ಟು ಕೈ ಒರೆಸಿಕೊಂಡ.

"ಎಷ್ಟು ವರ್ಷ ಆಯ್ತು?"

"ನಲವತ್ತೊಂದು," ಎಂದ ನಾಚಿಕೊಂಡು.

"ಅದಲ್ಲ. ಹೋಗಿ ಎಷ್ಟು ವರ್ಷ ಆಯ್ತು?"

"ಎಲ್ಲಿಗೆ ಹೋಗಿ?"

"ಹೊಳೆಗೆ ಬಿದ್ದದ್ದಲ್ವಾ? ಪಾಪ, ಶವ ಆದರೂ ಸಿಕ್ಕಿತಾ?"

ಮಧ್ಯಾಹ್ನದೊಳಗೆ ಇನ್ನೂ ಮೂರು ಮನೆಗಳಿಂದ ಫೋನ್ ಬಂತು. ಬದುಕಿರುವ ಸುಧಾಕರನನ್ನು ಇಡೀ ಸಮಾಜದಲ್ಲಿ ಒಬ್ಬರೂ ಕೇಳಿರಲಿಲ್ಲ. ಸತ್ತ ಸುಧಾಕರನಿಗೆ ಹೆಣ್ಣು ಕೊಡಲು ಜನ ನಾ ಮುಂದೆ ತಾ ಮುಂದೆ ಎಂದು ಬಂದರು. ಒಬ್ಬರಂತೂ ಹುಡುಗ ಕುಡಿಯುತ್ತಿದ್ದನೇ ಎಂದು ಕೂಡ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಸಮುದ್ರ ದಾಟಿತು. ಅಬುಧಾಬಿಯಿಂದ ಸೋದರಮಾವನ ಮಗ ಅಳುತ್ತಾ ಫೋನ್ ಮಾಡಿದ. ಫೋನ್ ಎತ್ತಿದ್ದು ಸುಧಾಕರನೇ ಎಂದು ತಿಳಿದಾಗ ಅವನ ಅಳು ನಿಂತು ಸಿಟ್ಟು ಬಂತು. "ನೀನು ಎಂತ ಜನ ಮಾರಾಯ! ಕಾಲು ಹಿಡಿದು ರಜೆ ಮಂಜೂರು ಮಾಡಿಸಿದ್ದೇನೆ. ಈಗ ಅರಬಿಗೆ ಏನಂತ ಹೇಳುದು, ಹೆಣ ಎದ್ದು ಕೂತಿತು ಅಂತ ಹೇಳುದಾ?"

ನೆರೆಮನೆಯ ಸಫಿಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದಾಗ ಸುಧಾಕರ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಸ್ವಲ್ಪ ಆಚೆ ಹೋಗು ಮಗಾ. ನಾನು ಅಳಲಿಕ್ಕೆ ಬಂದದ್ದು," ಎಂದು ಜಗಲಿಯಲ್ಲಿ ಕೂತು ಸ್ವರ್ಣಲತಾಳ ಕೈ ಹಿಡಿದು ಎರಡು ಹನಿ ಅತ್ತೇ ಹೋದರು. ಬಂದ ಕೆಲಸ ಮುಗಿಸದೆ ಹೋಗುವವರಲ್ಲ ಅವರು.

ಸ್ವರ್ಣಲತಾ ಮಾತ್ರ ಅಳಲೂ ಇಲ್ಲ, ಬೈಯಲೂ ಇಲ್ಲ. ಅವಳು ಹೆದರಿದಳು. "ನಿನಗೆ ಗೊತ್ತುಂಟಾ ನೀನು ಮಾಡಿದ್ದು? ಹೆಸರು ಹೋಗಿ ಆಯ್ತು. ಯಾವುದೋ ಮನೆಯಲ್ಲಿ ಒಂದು ಮಗು ಆ ಹೆಸರು ಕೇಳಿ ಕಾಯ್ತಾ ಇರ್ತದೆ. ಬದುಕಿದವನ ಹೆಸರಿಗೆ ಧಾರೆ ಆದರೆ ಅದು ಬಂದು ಕರ್ಕೊಂಡೇ ಹೋಗುದು. ಇವತ್ತೇ ತೆಗೆ." ಆ ದಿನದಿಂದ ಅವನಿಗೆ ಹೊಳೆ ಇಲ್ಲ, ಬಾವಿಕಟ್ಟೆ ಇಲ್ಲ, ಬೈಕಿನ ಕೀಲಿಯೂ ಇಲ್ಲ.

ಸುಧಾಕರ ಕೂಡಲೇ ಎಡಿಟರ್ ತೆರೆದು ತನ್ನ ಹೆಸರಿನ ಸಾಲನ್ನು ಅಳಿಸಿ ಸೇವ್ ಒತ್ತಿದ. ವೆಬ್‌ಸೈಟಿನಲ್ಲಿ ಹೆಸರು ಹಾಗೆಯೇ ಇತ್ತು. ಮತ್ತೆ ಅಳಿಸಿದ, ಮತ್ತೆ ಇತ್ತು. ಈ ಸಲ ಅವನು ನಿಜವಾಗಿಯೂ ಲ್ಯಾಪ್‌ಟಾಪಿನ ಕಾಪಿಯಲ್ಲಿದ್ದ. ಬರೆಯುವಾಗ ಜರ್ಮನಿ, ಅಳಿಸುವಾಗ ಸಿದ್ಧಕಟ್ಟೆ. ಎರಡೂ ಸಲ ಗಣಪತಿ ಮುಗುಳ್ನಗುತ್ತಿದ್ದ. ಅಳಿಸಿದರೂ ಅಳಿಯದ ಹೆಸರನ್ನು ಕಂಡು ಅವನು, ಯಾರೋ ಕಳ್ಳರು ಸರ್ವರಿನ ಒಳಗೆ ನುಗ್ಗಿದ್ದಾರೆ ಎಂದು ತೀರ್ಮಾನಿಸಿ, ಯೂಟ್ಯೂಬ್ ನೋಡಿಕೊಂಡು, ಎಸ್ಸೆಸ್ಸೆಚ್ ಬಾಗಿಲಿನ ನಿಯಮಗಳಿದ್ದ ಫೈಲನ್ನು ತೆರೆದು ಯಾರಿಗೂ ಪ್ರವೇಶವಿಲ್ಲದಂತೆ ಬಿಗಿಮಾಡಿದ. ಈ ಸಲ ಅವನು ಜರ್ಮನಿಯಲ್ಲಿದ್ದ. ಸೇವ್ ಆಯಿತು. ಬಾಗಿಲು ಭದ್ರವಾಗಿ ಮುಚ್ಚಿತು. ಆ 'ಯಾರಿಗೂ' ಎಂಬುದರಲ್ಲಿ ತಾನೂ ಸೇರಿದ್ದೇನೆಂದು ಅವನಿಗೆ ತಿಳಿದದ್ದು ಮತ್ತೆ ಒಳಹೋಗಲು ನೋಡಿದಾಗ.

"ಎಂತ ಸಾವು ಮಾರಾಯ!" ಎಂದರು ಹನೀಫಾ. "ಇಹ್ಸಾನ್‌ಗೆ ಫೋನ್ ಮಾಡುವ ಅಂದರೆ ಅವನು ಸಮುದ್ರದಲ್ಲಿ. ಪಾಳಿ ಮುಗಿದು ದಡಕ್ಕೆ ಬರುವವರೆಗೆ ಸಿಗುದಿಲ್ಲ. ಅಲ್ಲಿಯವರೆಗೆ ನೀನು ಸತ್ತವನೇ."

ಇಬ್ಬರೂ ಹನೀಫಾರ ಓಮ್ನಿಯಲ್ಲಿ ಮೂಡಬಿದಿರೆಗೆ ಹೋದರು. ಕಾರ್ಯದರ್ಶಿ ಶೋಧನ್ ಅವರು ಸುಧಾಕರನ ಅಹವಾಲನ್ನು ಕನ್ನಡಕ ಏರಿಸಿಕೊಂಡು ಕೇಳಿದರು.

"ನೀವು ಬದುಕಿರುವುದು ಸಂತೋಷ. ಆದರೆ ಹೆಸರು ತೆಗೆಯುವುದಕ್ಕೆ ನಿಯಮ ಉಂಟು. ಒಂದೋ ಮದುವೆ ಆಗಬೇಕು, ಇಲ್ಲ ಮೃತರ ಮನೆಯವರು ಅರ್ಜಿ ಕೊಡಬೇಕು. ಮೃತರೇ ಬಂದು ಕೇಳಿದ ಪದ್ಧತಿ ನಮ್ಮಲ್ಲಿ ಇಲ್ಲ."

"ಸರ್, ನಾನು ಮೃತನೇ ಅಲ್ಲವಲ್ಲ!"

"ಅದನ್ನು ಸಮಿತಿ ತೀರ್ಮಾನಿಸಬೇಕು. ಸಮಿತಿ ಸೇರುವುದು ಆಟಿ ಕಳೆದ ಮೇಲೆ." ಆಮೇಲೆ ಸ್ವರ ತಗ್ಗಿಸಿದರು. "ಇನ್ನೊಂದು ವಿಷಯ. ಅಳದಂಗಡಿಯ ಜಲಜಾಕ್ಷಿ ಅಂತ. ಮಗಳಿಗೆ ಎರಡು ವರ್ಷದಿಂದ ಗಂಡು ಹುಡುಕ್ತಾ ಇದ್ದಾರೆ. ನಿಮ್ಮ ಫೋನ್ ಸ್ವಿಚ್ ಆಫ್ ಇತ್ತು. ದುಃಖದಲ್ಲಿ ಇರಬೇಕು ಅಂತ ಹೇಳಿ, ಹುಡುಗನ ಕಡೆಯಿಂದ ಒಪ್ಪಿಗೆಯನ್ನು ನಾನೇ ಕೊಟ್ಟುಬಿಟ್ಟೆ. ಆಟಿಯಲ್ಲಿ ಧಾರೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಬಗ್ಗೆ ಕೇಳಿದ್ದೇವೆ. ಶೋಧನ್ ಅವರು ಕಟ್ಟಿ, ಹುಲ್ಲು ಹಾಕಿ, ಹಾಲಿಗೆ ಪಾತ್ರೆಯನ್ನೂ ಇಟ್ಟಿದ್ದರು.

"ನೀನೇ ಹೋಗಿ ಆ ತಾಯಿಗೆ ಹೇಳಬೇಕು," ಎಂದಳು ಸ್ವರ್ಣಲತಾ, ಅವನು ಮನೆಗೆ ಮರಳಿದಾಗ. "ಫೋನಿನಲ್ಲಿ ಹೇಳುವ ಮಾತಲ್ಲ ಅದು."

ಅಳದಂಗಡಿಯ ಆ ಮನೆಯಲ್ಲಿ ಸುಧಾಕರನನ್ನೂ ಹನೀಫಾರನ್ನೂ ಹುಡುಗನ ಕಡೆಯವರೆಂದು ಬಹಳ ಮರ್ಯಾದೆಯಿಂದ ಕೂರಿಸಿದರು. ಜಲಜಾಕ್ಷಿ ಅರುವತ್ತು ದಾಟಿದ ಸಣಕಲು ಹೆಂಗಸು. ಕಿರಿಮಗ ಲತೇಶ್ ಬಾಗಿಲಿಗೆ ಒರಗಿ ನಿಂತಿದ್ದ. ಅವನ ಮದುವೆ ಮೂರು ಸಲ ನಿಶ್ಚಯದ ಮೇಲೆ ಮುರಿದಿತ್ತು. ಸುಧಾಕರ ಬಾಯಿ ತೆರೆಯುವ ಮೊದಲೇ ಜಲಜಾಕ್ಷಿ ಒಳಗಿನಿಂದ ಒಂದು ಹರಿವಾಣ ತಂದರು. ಹಸಿರು ಸೀರೆ, ಹೂ, ಗಾಜಿನ ಬಳೆ.

"ವಾರಿಜ ಹೋಗುವಾಗ ಐದು ವರ್ಷ," ಎಂದರು. "ಜ್ವರ. ಬೆಳ್ತಂಗಡಿ ಆಸ್ಪತ್ರೆಗೆ ಅಂತ ಎತ್ತಿಕೊಂಡು ಹೋದದ್ದು, ಗುರುವಾಯನಕೆರೆ ಮುಟ್ಟುವಾಗ ಆಗಿಹೋಯ್ತು. ಶಾಲೆಗೆ ಸೇರಿಸಲಿಕ್ಕೆ ಸ್ವಲ್ಪ ದಿವಸ ಇತ್ತು. ಒಂದು ಫೋಟೋ ಕೂಡ ಇಲ್ಲ. ಈಗ ಅವಳಿಗೆ ನಲವತ್ತೆರಡು. ನಿಮ್ಮ ಹುಡುಗ ಒಂದು ವರ್ಷ ಸಣ್ಣವ, ಅದು ಪರವಾಗಿಲ್ಲ. ದಿನಾ ದೀಪ ಇಡುವಾಗ ಹೇಳ್ತೇನೆ ಅವಳಿಗೆ, ನಿನಗೆ ಸುಧಾಕರ ಅಂತ ಒಬ್ಬ ಸಿಕ್ಕಿದ್ದಾನೆ ಮಗಾ ಅಂತ." ಬಳೆಗಳನ್ನು ಬೆರಳಿನಿಂದ ಸರಿಸಿದರು. "ಅಳತೆ ಗೊತ್ತಾಗಲಿಲ್ಲ ನೋಡಿ. ಐದು ವರ್ಷದ ಕೈಗೆ ತರುದಾ, ದೊಡ್ಡ ಕೈಗೆ ತರುದಾ? ಎರಡೂ ತಂದೆ."

ಹನೀಫಾ ಎದ್ದು ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಾ ನಿಂತರು.

"ಅಮ್ಮಾ," ಎಂದ ಸುಧಾಕರ. "ಆ ಸುಧಾಕರ ನಾನೇ."

ಜಲಜಾಕ್ಷಿಗೆ ಅರ್ಥವಾಗಲಿಲ್ಲ. ಅವನು ಜರ್ಮನಿ, ಸುರಂಗ, ಗಣಪತಿ ಎಲ್ಲವನ್ನೂ ತೊದಲುತ್ತಾ ಹೇಳಿದ. ಅದರಲ್ಲಿ ಅವರಿಗೆ ತಿಳಿದದ್ದು ಒಂದೇ.

"ಬದುಕಿದ್ದೀಯಾ?"

"ಹೌದಮ್ಮಾ. ತಪ್ಪಾಯ್ತು."

ಬದುಕಿರುವುದಕ್ಕೆ ಕ್ಷಮೆ ಕೇಳಿದ ಮನುಷ್ಯನನ್ನು ನಮ್ಮ ಸೀಮೆ ಅದುವರೆಗೆ ಕಂಡಿರಲಿಲ್ಲ. ಜಲಜಾಕ್ಷಿ ಅವನ ಮುಖವನ್ನೇ ನೋಡಿದರು. ಆ ಮುಖದಲ್ಲಿ ಸಿಟ್ಟಿದ್ದರೆ ಸುಧಾಕರ ತಡೆದುಕೊಳ್ಳುತ್ತಿದ್ದ. ಸಿಟ್ಟಿರಲಿಲ್ಲ, ಬರೀ ನಿರಾಸೆ.

"ಒಳ್ಳೆಯದಾಯ್ತು ಮಗಾ," ಎಂದರು. "ನಿನ್ನ ತಾಯಿ ಪುಣ್ಯವಂತೆ." ಹರಿವಾಣ ಎತ್ತಿಕೊಂಡು ಒಳಗೆ ಹೋದರು. ದೀಪದ ಕೋಣೆಯಿಂದ ಅವರು ಮಗುವಿನೊಡನೆ ಮಾತಾಡುವ ಹಾಗೆ ಮೆಲ್ಲಗೆ ಏನೋ ಹೇಳುವುದು ಕೇಳಿಸಿತು. ಮತ್ತೆ ಹೊರಗೆ ಬರಲಿಲ್ಲ.

ಲತೇಶ್ ಇಬ್ಬರನ್ನೂ ಗೇಟಿನವರೆಗೆ ಬಿಟ್ಟ. "ನಿಮಗೆ ಕಂಪ್ಯೂಟರ್ ಆಟ. ಇನ್ನು ಅಮ್ಮ ಊಟ ಮಾಡುವುದಿಲ್ಲ," ಎಂದಷ್ಟೇ ಹೇಳಿ ಗೇಟು ಹಾಕಿಕೊಂಡ.

ಸುಧಾಕರ ಮನೆಗೆ ಬಂದು ಅಕ್ಕನ ಮುಂದೆ ಎಲ್ಲವನ್ನೂ ಹೇಳಿದ. ಎರಡು ಅಳತೆಯ ಬಳೆಯ ವಿಷಯಕ್ಕೆ ಬಂದಾಗ ಸ್ವರ್ಣಲತಾ ಕತ್ತರಿಸುತ್ತಿದ್ದ ಬಸಳೆಯನ್ನು ಕೆಳಗಿಟ್ಟಳು.

"ಆ ಹೆಸರು ನಿನ್ನದಲ್ಲ," ಎಂದಳು.

"ಯಾವ ಹೆಸರು?"

"ಸುಧಾಕರ. ನಿನಗಿಂತ ಮೊದಲು ಒಬ್ಬ ಇದ್ದ, ನಿನಗಿಂತ ಮೂರು ವರ್ಷಕ್ಕೆ ದೊಡ್ಡವ. ತೊಟ್ಟಿಲಿಗೆ ಹಾಕುವ ದಿನ ಇಟ್ಟಾಗಿತ್ತು. ಅಪ್ಪ ಹೆಸರು ಕೂಡ ಆರಿಸಿದ್ದರು, ಸುಧಾಕರ ಅಂತ. ತೊಟ್ಟಿಲು ಬಂತು, ಅವನು ಉಳಿಯಲಿಲ್ಲ. ನನಗೆ ಆಗ ಎಂಟು ವರ್ಷ. ನನ್ನ ಮಡಿಲಿನಲ್ಲಿಯೇ ಇದ್ದ. ನಿದ್ರೆ ಬಂತು ಅಂತ ನಾನು ತಿಳ್ಕೊಂಡೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಹುಟ್ಟಿದಾಗ ಅಪ್ಪ ಅದೇ ಹೆಸರು ನಿನಗೆ ಇಟ್ಟರು. ಮೊದಲಿನವನ ವಿಷಯ ಮನೆಯಲ್ಲಿ ಯಾರೂ ಎತ್ತಬಾರದು ಅಂತ ಹೇಳಿದರು. ನಾನು ಎತ್ತಲಿಲ್ಲ. ನಿನಗೆ ಬೈಯುವಾಗಲೆಲ್ಲ ಆ ಹೆಸರು ಕರೆದೇ ಬೈತೇನೆ, ಗೊತ್ತುಂಟಾ? ಇಬ್ಬರನ್ನೂ ಒಟ್ಟಿಗೆ ಕರೆದ ಹಾಗೆ ಆಗ್ತದೆ ನನಗೆ."

ಸುಧಾಕರ ಬಾಯಿಬಿಟ್ಟು ಕೂತ. ಹಾಗಾದರೆ ಸತ್ತವರ ಪಟ್ಟಿಯಲ್ಲಿ ಅವನು ಬರೆದದ್ದರಲ್ಲಿ ಹೆಸರು ಸರಿ, ಬರಿ ಸರಿ. ಸುಳ್ಳಾದದ್ದು ನಕ್ಷತ್ರ, ಹುಟ್ಟಿದ ವರ್ಷ ಮತ್ತು ಹೊಳೆ. ಜೀವಮಾನದಲ್ಲಿ ಅವನು ಇಷ್ಟು ಕಡಿಮೆ ತಪ್ಪಿನಲ್ಲಿ ಒಂದು ಕೆಲಸ ಮಾಡಿದ್ದು ಇದೇ ಮೊದಲು.

ಸ್ವರ್ಣಲತಾ ಅವನ ಫೋನ್ ಕಸಿದುಕೊಂಡು ಅಳದಂಗಡಿಗೆ ತಾನೇ ಮಾತಾಡಿದಳು. "ಜಲಜಾಕ್ಷಿಯಕ್ಕಾ, ನಮ್ಮ ಮನೆಯಲ್ಲಿ ಹುಡುಗ ಇದ್ದಾನೆ. ನಿಮ್ಮ ವಾರಿಜನಿಗಿಂತ ಎರಡು ವರ್ಷ ದೊಡ್ಡವ. ಹೆಸರು ಬದಲಾಯಿಸುವುದು ಬೇಡ. ನೀವು ಅವಳಿಗೆ ಹೇಳಿದ್ದು ಸುಳ್ಳಾಗುವುದಿಲ್ಲ." ಜಲಜಾಕ್ಷಿ ಕೇಳಿದ್ದು ಒಂದೇ ಪ್ರಶ್ನೆ: "ಹೋಗುವಾಗ ನೋವು ಪಟ್ಟನಾ?" ಇಲ್ಲ, ನಿದ್ರೆ ಮಾಡಿದ ಹಾಗೆ ಹೋದ ಎಂದಳು ಸ್ವರ್ಣಲತಾ.

ಆಟಿಯಲ್ಲಿ ಒಂದು ಮಧ್ಯಾಹ್ನ ಅಳದಂಗಡಿಯಲ್ಲಿ ಧಾರೆ ಆಯಿತು. ಹುಡುಗನ ಕಡೆಯಿಂದ ಎರಡು ಕಾರು, ಒಂದು ಓಮ್ನಿ. ಶೋಧನ್ ಅವರೂ ಬಂದಿದ್ದರು. ಪಟ್ಟಿಯಲ್ಲಿ ಹೊಳೆಗೆ ಬಿದ್ದು ಎಂದಿದೆ, ನೀವು ತೊಟ್ಟಿಲು ಎನ್ನುತ್ತೀರಿ, ಇದನ್ನು ತಿದ್ದುಪಡಿ ಎನ್ನಬೇಕೋ ಹೊಸ ಅರ್ಜಿ ಎನ್ನಬೇಕೋ ಎಂದು ಅವರು ತಕರಾರು ಎತ್ತಿದರು. ಊಟಕ್ಕೆ ಕೋಳಿ ಸುಕ್ಕ ಉಂಟು ಎಂದು ಯಾರೋ ಹೇಳಿದ ಮೇಲೆ ತಿದ್ದುಪಡಿಯೇ ಸಾಕು ಎಂದರು.

ಈ ಮದುವೆಯನ್ನು ಮದುವೆಯಾಗದವರು ನೋಡುವಂತಿಲ್ಲ. ಅದು ಕಟ್ಟಳೆ. ಹಾಗಾಗಿ ಇಷ್ಟಕ್ಕೆಲ್ಲ ಕಾರಣನಾದ ಸುಧಾಕರ ಗೇಟಿನ ಹೊರಗೆ ಉಳಿದ. ಹೆಣ್ಣಿನ ತಮ್ಮ ಲತೇಶನೂ ಹೊರಗೆ ಉಳಿದ. ಸತ್ತವರಿಬ್ಬರು ಒಳಗೆ ಮದುವೆಯಾಗುತ್ತಿರುವಾಗ ಬದುಕಿರುವ ಬ್ರಹ್ಮಚಾರಿಗಳಿಬ್ಬರು ಹನೀಫಾರ ಓಮ್ನಿಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು.

"ಅವತ್ತು ಜೋರು ಮಾತಾಡಿದೆ," ಎಂದ ಲತೇಶ್.

"ಮಾತಾಡಬೇಕಾದ್ದೇ," ಎಂದ ಸುಧಾಕರ.

"ನೀವಿಬ್ಬರೂ ಬೇಗ ಮದುವೆ ಆಗಿ ಮಾರಾಯ್ರೆ," ಎಂದರು ಹನೀಫಾ. "ನನ್ನ ಗಾಡಿಯಲ್ಲಿ ಜಾಗ ಇಲ್ಲ."

ಒಳಗಿನ ಸುದ್ದಿ ಹೆಂಗಸರು ಆಗಾಗ ಬಂದು ಹೇಳಿ ಹೋಗುತ್ತಿದ್ದರು. ಎರಡು ಮಣೆ ಹಾಕಿದ್ದಾರೆ. ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ. ಹೆಣ್ಣಿಗೆ ಸೀರೆ ಉಡಲು ಸ್ವಲ್ಪ ಹೊತ್ತು ಬಿಟ್ಟು ಎಲ್ಲರೂ ಹೊರಗೆ ನಿಂತಿದ್ದರು. ಈಗ ಪಂಚೆಯನ್ನು ಸ್ವರ್ಣಲತಾ ಎತ್ತಿಕೊಂಡಿದ್ದಾಳೆ. ಎತ್ತಿಕೊಂಡವಳು ಮಣೆಯ ಮೇಲೆ ಇಡಲು ಒಪ್ಪುತ್ತಿಲ್ಲ, ಮಡಿಲಿನಲ್ಲಿಯೇ ಇಟ್ಟುಕೊಂಡಿದ್ದಾಳೆ. ಇರಲಿ ಬಿಡಿ, ಹಾಗೆಯೇ ಧಾರೆ ಎರೆಯುವ ಎಂದು ಹಿರಿಯರು ಹೇಳಿದರಂತೆ. ಆಮೇಲೆ ಒಳಗೆ ಗದ್ದಲ ನಿಂತು, ನೀರು ಬೀಳುವ ಸದ್ದು ಹೊರಗಿನವರಿಗೂ ಕೇಳಿಸಿತು.

ಸುಧಾಕರ ಲ್ಯಾಪ್‌ಟಾಪ್ ತೆರೆದ. ಇಹ್ಸಾನ್ ದಡಕ್ಕೆ ಬಂದು ಬಾಗಿಲು ತೆಗೆದುಕೊಟ್ಟಿದ್ದ, ಬೈದೂ ಇದ್ದ. ಮದುವೆ ಆದ ಕೂಡಲೇ ಇಬ್ಬರ ಹೆಸರನ್ನೂ ತೆಗೆಯಬೇಕೆಂಬುದು ನಿಯಮ. ಫೈಲು ತೆರೆದುಕೊಂಡಿತು. ಸುಧಾಕರ ಉಗುರಿನಿಂದ ಗಣಪತಿಯನ್ನು ಮೆಲ್ಲಗೆ ಎಬ್ಬಿಸಿ ಹನೀಫಾರ ಕೈಯಲ್ಲಿಟ್ಟ. ಅವರು ಎಲ್ಲಿಡುವುದೆಂದು ತಿಳಿಯದೆ ಸ್ಟಿಕ್ಕರನ್ನು ಅಂಗೈಯಲ್ಲಿಯೇ ಹಿಡಿದುಕೊಂಡರು. ಬಿರುಕಿನ ಹಿಂದೆ ಹಸಿರು ಪಟ್ಟಿ ಸ್ಪಷ್ಟವಾಗಿ ಕಂಡಿತು. ಜರ್ಮನಿ. ಎಲ್ಲಿದ್ದೇನೆಂದು ನೋಡಿಕೊಂಡು ಅವನು ಕೆಲಸ ಮಾಡಿದ್ದು ಅದೇ ಮೊದಲು. ಸುಧಾಕರ ಎಂಬ ಸಾಲನ್ನೂ ವಾರಿಜ ಎಂಬ ಸಾಲನ್ನೂ ಅಳಿಸಿದ.

ಸೇವ್ ಒತ್ತುವ ಮೊದಲೇ ಜಲಜಾಕ್ಷಿ ಬಾಳೆ ಎಲೆಯಲ್ಲಿ ಊಟ ಕಟ್ಟಿಕೊಂಡು ಬಂದರು. ಮುಖ ಹಗುರವಾಗಿತ್ತು. ಪರದೆ ನೋಡಿ ನಿಂತರು.

"ಇದು ಎಂತ ಮಗಾ?"

"ಮದುವೆ ಆಯ್ತಲ್ಲ ಅಮ್ಮ. ಇನ್ನು ಹೆಸರು ಬೇಡ. ತೆಗೆಯುವುದು."

"ವಾರಿಜನದ್ದು ಕೂಡ?"

"ಇಬ್ಬರದ್ದೂ."

ಜಲಜಾಕ್ಷಿ ಊಟದ ಪೊಟ್ಟಣವನ್ನು ಎದೆಗೆ ಹಿಡಿದುಕೊಂಡರು. "ಅಲ್ಲ ಮಗಾ... ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇಲ್ಲ. ಶಾಲೆಯಲ್ಲಿ ಇಲ್ಲ. ಕಲ್ಲಿನ ಮೇಲೆ ಇಲ್ಲ. ಇದರಲ್ಲಿ ಮಾತ್ರ ಇತ್ತು. ಹೆಸರು ಕೊಟ್ಟಂದಿನಿಂದ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ತೆರೆದು ನೋಡ್ತಿದ್ದೆ. ಉಂಟು ಅಂತ ಒಮ್ಮೆ ನೋಡಿದರೆ ಸಾಕಾಗ್ತಿತ್ತು." ಪೊಟ್ಟಣವನ್ನು ಅವನ ಮುಂದಿಟ್ಟರು. "ತೆಗೀರಿ. ನಿಯಮ ಅಲ್ವಾ."

ಸುಧಾಕರನಿಗೆ ಅಳು ಬಂತು. ಕಣ್ಣು ಒರೆಸಿಕೊಂಡು ಫೈಲು ಮುಚ್ಚುವ ಗುಂಡಿ ಒತ್ತಿದ. ಬದಲಾವಣೆಗಳನ್ನು ಸೇವ್ ಮಾಡಬೇಕೇ ಎಂದು ಎಡಿಟರ್ ಕೇಳಿತು. ಸಾಲಿಗೊಮ್ಮೆ ಸೇವ್ ಒತ್ತುವ ಸುಧಾಕರ, ಜೀವಮಾನದಲ್ಲಿ ಮೊದಲ ಸಲ ಬೇಡ ಎಂದ.

"ಆಗುವುದಿಲ್ಲ ಅಮ್ಮ," ಎಂದ ಲ್ಯಾಪ್‌ಟಾಪ್ ಮಡಚುತ್ತಾ. "ಜರ್ಮನಿಯವರು ಬಿಡ್ತಾ ಇಲ್ಲ."

ಹೆಸರು ಇನ್ನೂ ಯಾಕೆ ತೆಗೆದಿಲ್ಲ ಎಂದು ಶೋಧನ್ ಅವರು ಪ್ರತಿ ಸಭೆಯಲ್ಲಿ ಕೇಳುತ್ತಾರೆ, ಸುಧಾಕರ ಪ್ರತಿ ಸಲ ಎಸ್ಸೆಸ್ಸೆಚ್ ಬಗ್ಗೆ ದೀರ್ಘವಾಗಿ ವಿವರಿಸುತ್ತಾನೆ, ಅವರು ಅರ್ಥವಾದವರಂತೆ ತಲೆಯಾಡಿಸುತ್ತಾರೆ. ಲತೇಶನಿಗೆ ಮಾರ್ಗಶಿರದಲ್ಲಿ ಮದುವೆಯಾಯಿತು. ಸುಧಾಕರನ ಹೆಸರು ಬದುಕಿರುವವರ ಪಟ್ಟಿಯಲ್ಲಿ ಈಗಲೂ ಮೊದಲನೆಯದು. ಆ ಪಟ್ಟಿ ನೋಡಿ ಯಾರೂ ಫೋನ್ ಮಾಡುವುದಿಲ್ಲ. ಇನ್ನೊಂದು ಪಟ್ಟಿ ನೋಡಿ ಮಾತ್ರ ಆಗಾಗ ಯಾವುದಾದರೂ ಮನೆಯಿಂದ ಫೋನ್ ಬರುತ್ತದೆ. ಸ್ವರ್ಣಲತಾ ಎತ್ತಿ, ಕ್ಷಮಿಸಿ, ನಮ್ಮ ಹುಡುಗನಿಗೆ ಮದುವೆ ಆಗಿದೆ, ಹೆಂಡತಿ ಅಳದಂಗಡಿಯವಳು ಎಂದು ಹೆಮ್ಮೆಯಿಂದ ಹೇಳುತ್ತಾಳೆ.

ಮೊನ್ನೆ ಹಾಗೆ ಫೋನ್ ಮಾಡಿದವರು ಇಡುವ ಮೊದಲು ಆಸೆಯಿಂದ ಕೇಳಿದರಂತೆ: "ಅವನಿಗೆ ತಮ್ಮ ಯಾರಾದರೂ ಇದ್ದಾನಾ?"

"ಒಬ್ಬ ಇದ್ದಾನೆ," ಎಂದಳಂತೆ ಸ್ವರ್ಣಲತಾ. "ಆದರೆ ಅವನು ಬದುಕಿದ್ದಾನೆ."

"ಹೌದಾ, ಪಾಪ," ಎಂದು ಅವರು ಫೋನ್ ಇಟ್ಟರು.